ಹೆಪ್ಪು ಹಾಕದ ಹಾಲು

ಎಡಮೊಲೆ ತೆಗೆಸಿಕೊಂಡು ಬಂದ ಮೇಲೆ ಬೈರಮ್ಮನಿಗೆ ಮನೆಯ ಸದ್ದುಗಳೆಲ್ಲ ದೂರ ಸರಿದ ಹಾಗಿದ್ದವು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು, ಅಕ್ಕಿಹೆಬ್ಬಾಳಿನ ಸ್ಟೇಷನ್ನಿನಲ್ಲಿ ರೈಲು ನಿಂತು ಹೊರಡುವುದು, ಗಂಡ ಹೊನ್ನಪ್ಪ ಕೆಮ್ಮುವುದು, ಎಲ್ಲ ಗೋಡೆಯಾಚೆಯಿಂದ ಕೇಳಿದಂತೆ. ಹತ್ತಿರವಿದ್ದದ್ದು ಅವಳ ಮೈಯೊಳಗಿನ ಮೌನ ಮಾತ್ರ. ಯಾರೋ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಾಗಿನ ಮೌನ ಅದು.

ಮೈಸೂರಿನ ಆಸ್ಪತ್ರೆಯಲ್ಲಿ ಒಟ್ಟು ಆರು ಸಲ ಡ್ರಿಪ್ಪು ಹಾಕಿಸಿಕೊಳ್ಳಬೇಕು ಎಂದಿದ್ದರು. ಎರಡಕ್ಕೇ ತಲೆಗೂದಲು ಹಿಡಿಹಿಡಿಯಾಗಿ ಕೈಗೆ ಬಂತು, ಅನ್ನದ ವಾಸನೆಗೇ ವಾಂತಿ. ಮೂರನೆಯದಕ್ಕೆ ಹೋಗಬೇಕಾದ ಗುರುವಾರ ಹತ್ತಿರ ಬಂದಾಗ ಅವಳು ಒಲ್ಲೆ ಎಂದಳು.

"ಒಲ್ಲೆ ಅಂದ್ರೆ ಬುಡು," ಅಂದ ಹೊನ್ನಪ್ಪ. "ಸ್ಕ್ಯಾನಲ್ಲಿ ಏನೂ ಇಲ್ಲ ಅಂತ ಅವ್ರೇ ಬರ್ಕೊಟ್ಟವ್ರೆ. ಗೆಡ್ಡೆ ಕಿತ್ತಾಕಾಯ್ತು. ಇಲ್ದೇ ಇರೋ ಕಾಯ್ಲೆಗೆ ಯಾಕಮ್ಮಿ ಔಸ್ತಿ?"

"ಡಾಕ್ಟ್ರಮ್ಮ ಬ್ಯಾರೆ ಏನೋ ಏಳಿದ್ರು."

"ಅವ್ರು ಏಳ್ತಾನೇ ಇರ್ತಾರೆ. ನಿನ್ ಮಕ ನೋಡ್ಕೊ, ಸುಟ್ ಬದ್ನೇಕಾಯಂಗಾಗದೆ."

ಆಸ್ಪತ್ರೆಯಲ್ಲಿ ಅವತ್ತು ಹೊನ್ನಪ್ಪ ಚೀಟಿಗಾಗಿ ಸಾಲಿನಲ್ಲಿ ನಿಂತಿದ್ದ. ಡಾಕ್ಟರಮ್ಮ ಹೇಳಿದ್ದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಗಡ್ಡೆ ಬೆಳೆಯುತ್ತಿದ್ದಾಗಲೇ ಅದರಿಂದ ಕೆಲವು ಕಣಗಳು ಬಿಡಿಸಿಕೊಂಡು ರಕ್ತಕ್ಕೆ ಇಳಿದಿರಬಹುದಂತೆ. ರಕ್ತದ ಸೆಳೆತದಲ್ಲಿ ಮುಕ್ಕಾಲುಪಾಲು ಸಾಯುತ್ತವಂತೆ. ಎಲ್ಲೋ ಒಂದಕ್ಕೆ ಒಗ್ಗುವ ಜಾಗ ಸಿಕ್ಕರೆ, ಮೂಳೆಯಲ್ಲೋ ಶ್ವಾಸಕೋಶದಲ್ಲೋ, ಅಲ್ಲಿ ಕೂತುಬಿಡುತ್ತದಂತೆ. ವರ್ಷಗಟ್ಟಲೆ ಸುಮ್ಮನೆ ಕೂತಿದ್ದು ಆಮೇಲೆ ಬೆಳೆಯಲೂಬಹುದು.

"ಎಷ್ಟು ದಪ್ಪ ಇರ್ತದವ್ವ? ಸಾಸ್ವೆ ಕಾಳಷ್ಟಾ?" ಎಂದು ಕೇಳಿದ್ದಳು ಬೈರಮ್ಮ.

"ಅದರ ಮುಂದೆ ಸಾಸಿವೆಯೇ ಬೆಟ್ಟ. ಸ್ಕ್ಯಾನಿಗೂ ಕಾಣೋದಿಲ್ಲಮ್ಮ. ಇದೆಯೋ ಇಲ್ಲವೋ ನಮಗೂ ಗೊತ್ತಿಲ್ಲ. ಅದಕ್ಕೇ ಡ್ರಿಪ್ಪು ಹಾಕೋದು."

ಕಾಣದಿದ್ದರೂ ಇರಬಹುದಾದದ್ದು. ಆ ಮಾತು ಅವಳ ತಲೆಯಲ್ಲಿ ಎಲ್ಲೂ ಕೂರದೆ ತಿರುಗುತ್ತಿತ್ತು.

ಮಂಗಳವಾರ ಸಂಜೆ ಹಾಲು ಕಾಯಿಸಿದ ಮೇಲೆ ಅವಳು ತಾನೇ ಕಾರಣ ಹೇಳಲಾಗದ ಒಂದು ಕೆಲಸ ಮಾಡಿದಳು. ಮೂರು ಬಟ್ಟಲು ತೆಗೆದಳು. ಒಂದಕ್ಕೆ ಕುದಿಯುವ ಹಾಲು, ಒಂದಕ್ಕೆ ಫ್ರಿಜ್ಜಿನಲ್ಲಿದ್ದ ತಣ್ಣನೆಯದು, ಇನ್ನೊಂದಕ್ಕೆ ಬೆರಳು ತಾಳುವಷ್ಟು ಬೆಚ್ಚಗಿನದು. ಮೂರಕ್ಕೂ ಒಂದೊಂದೇ ತೊಟ್ಟು ಹೆಪ್ಪು ಬಿಟ್ಟು, ತಣ್ಣನೆಯದನ್ನು ಮತ್ತೆ ಫ್ರಿಜ್ಜಿಗಿಟ್ಟಳು. ಉಳಿದ ಬೆಚ್ಚನೆಯ ಹಾಲನ್ನು ಬೆಳಗಿನ ಕಾಫಿಗೆಂದು ಸ್ಟೀಲ್ ಚೊಂಬಿಗೆ ಸುರಿದು ಮುಚ್ಚಿದಳು. ಮಧ್ಯಾಹ್ನವಷ್ಟೇ ಸಬೀನ ಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದ್ದ ಚೊಂಬು. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದಳು. ಕುದಿಯುವ ಹಾಲಿಗೆ ಬಿಟ್ಟ ಹೆಪ್ಪು ಬೆಂದು ಸತ್ತಿತ್ತು. ತಣ್ಣನೆಯದು ಹಾಲಾಗಿಯೇ ಇತ್ತು. ಬೆಚ್ಚಗಿನದು ಗಟ್ಟಿ ಮೊಸರು. ಹೊಸದೇನೂ ಇರಲಿಲ್ಲ, ಹುಡುಗಿಯಾಗಿದ್ದಾಗಿನಿಂದ ಕಂಡದ್ದೇ. ತನ್ನ ಹುಚ್ಚಿಗೆ ತಾನೇ ನಕ್ಕು, ಒಲೆ ಹಚ್ಚಿ, ಕಾಫಿಗೆ ಚೊಂಬು ಬಗ್ಗಿಸಿದಳು.

ಹಾಲು ಬರಲಿಲ್ಲ.

ಇನ್ನಷ್ಟು ಬಗ್ಗಿಸಿದಳು. ಒಳಗಿದ್ದದ್ದು ಸದ್ದಿಲ್ಲದೆ, ಇಡಿಯಾಗಿ, ಒಂದೇ ಮೈಯಾಗಿ ಜರುಗಿ ಚೊಂಬಿನ ಬಾಯಿಗೆ ಬಂದು ನಿಂತಿತು. ಬೆಳ್ಳಗೆ ಹೊರಗೆ ಇಣುಕಿ ನೋಡುತ್ತಿರುವ ಹಾಗೆ.

ಆ ಚೊಂಬಿಗೆ ಅವಳು ಹೆಪ್ಪು ಹಾಕಿರಲಿಲ್ಲ. ಬೆರಳು ತೂರಿಸಿ ಬಾಯಿಯ ಅಂಚಿನ ಒಳಮಡಿಕೆಯನ್ನು ಸವರಿದಳು. ಒಂದು ಕಡೆ ಉಗುರಿಗೆ ಏನೋ ಜಿಗುಟಾಗಿ ಸಿಕ್ಕಿತು. ಎಂದಿನದೋ ಮಜ್ಜಿಗೆಯ ಜಿಡ್ಡು. ಎಷ್ಟು ಸಲ ತೊಳೆದರೂ ಅದು ಅಲ್ಲಿಯೇ ಕೂತಿತ್ತು.

"ಕಾಪಿ ಎಲ್ಲಮ್ಮಿ?" ಹೊನ್ನಪ್ಪ ಅಡಿಗೆಮನೆಗೆ ಬಂದ. "ಆಲು ಒಡ್ದೋಯ್ತಾ?"

"ಒಡ್ದಿಲ್ಲ. ಎಪ್ಪಾಗದೆ."

"ನೀನೇ ಆಕಿ ಮರ್ತಿದ್ದೀಯ."

"ನಾನಾಕಿಲ್ಲ."

"ಅಂಗಾರೆ ದೆವ್ವ ಬಂದು ಆಕ್ತಾ?" ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ.

"ನಾಳೀಕೆ ಮೈಸೂರ್ಗೆ ಓಗಣ," ಅಂದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವನಿಗೆ ಹೇಳಿದಳು.

ಅವನು ಚೊಂಬನ್ನು ಕೈಗೆತ್ತಿಕೊಂಡು ನೋಡಿದ. "ಅದು ಚೊಂಬು ಕಣಮ್ಮಿ. ನೀನು ಮನ್ಸೆ," ಎಂದ.

"ಚೊಂಬಾದ್ರೆ ಬೂದಿ ಆಕಿ ಇನ್ನೊಂದ್ಸಲ ತಿಕ್ತಿದ್ದೆ. ನನ್ನೊಳೀಕೆ ನನ್ ಕೈ ಓಯ್ತದಾ? ಆ ಔಸ್ತೀನೇ ಓಗ್ಬೇಕು. ಕೂದ್ಲೋದ್ರೆ ಓಗ್ಲಿ."

ಗುರುವಾರ ಹತ್ತು ಗಂಟೆಗೆ ನರ್ಸು ಅವಳ ಬಲಗೈಯ ನರ ಹುಡುಕಿ ಸೂಜಿ ಚುಚ್ಚಿದಳು. ವಾರ್ಡಿನಲ್ಲಿ ಎಂಟು ಮಂಚ, ಎಂಟರಲ್ಲೂ ಜನ. ಮೇಲಿನ ಬಾಟಲಿಯಿಂದ ತೊಟ್ಟು ತೊಟ್ಟಾಗಿ ಇಳಿದ ಔಷಧಿ ಮೊಣಕೈಯಲ್ಲಿ ತಣ್ಣಗಾಯಿತು, ತೋಳಿನಲ್ಲಿ ತಣ್ಣಗಾಯಿತು, ಭುಜ ದಾಟಿತು. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ತಿಳಿಯಲಿಲ್ಲ. ಬೈರಮ್ಮ ಕಣ್ಣು ಮುಚ್ಚಿಕೊಂಡು ಅದರ ಜಾಡು ಹಿಡಿಯಲು ನೋಡುತ್ತಿದ್ದಳು.

"ನೋಯ್ತದಾ?" ಪಕ್ಕದ ಸ್ಟೂಲಿನಲ್ಲಿದ್ದ ಹೊನ್ನಪ್ಪ ಬಗ್ಗಿ ಕೇಳಿದ.

ಅವಳು ಕಣ್ಣು ತೆರೆಯದೆ ಎಡಗೈ ಎತ್ತಿ ಅವನನ್ನು ತಡೆದಳು.

"ಸುಮ್ಕಿರಿ. ಉಡುಕ್ತಾ ಅದೆ."