ಯಾರ ಬಾಯಿಯನ್ನೂ ಮುಚ್ಚಿಸದ ಜಗಲಿ

ಮೊಂತೆವಿದೆಯೊ ನಗರದ ಕಾರ್ನಿವಲ್ ಹುಚ್ಚರೆಲ್ಲ ಸೇರಿ ಹರಟುವ ಆನ್‌ಲೈನ್ ಜಗಲಿಯೊಂದಿತ್ತು. ಅದರ ನೆತ್ತಿಯ ಮೇಲೆ ಒಂದೇ ನಿಯಮ: ‘ಇಲ್ಲಿ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ.’ ಮಿಲಿಟರಿ ಆಳ್ವಿಕೆಯಲ್ಲಿ ಮೇಳದ ಹಾಡುಗಳಿಗೆ ಕತ್ತರಿ ಬಿದ್ದದ್ದನ್ನು ಕಂಡವರು ಬರೆದ ಮಾತು. ಅವರ ಬಾಯಿಗೆ ಅದು ಒಪ್ಪುತ್ತಿತ್ತು. ಈಗಿನ ಮೇಲ್ವಿಚಾರಕರು ಅದನ್ನು ತಮ್ಮ ಪುಕ್ಕಲುತನಕ್ಕೆ ಹೊದಿಕೆ ಮಾಡಿಕೊಂಡಿದ್ದರು.

ಅವರಲ್ಲೊಬ್ಬಳಾದ ನೇಲಿದಾಗೆ ಜಗಲಿ ಬೇಕಿದ್ದುದು ದೋನ್ ಊಬಾಲ್ದೊಗಾಗಿ. ಮುದುಕ ಆಯುಷ್ಯವೆಲ್ಲ ಕಾರ್ನಿವಲ್‌ನಲ್ಲಿ ಹಾಡುವ ಮೂರ್ಗಾ ಮೇಳದವರ ಮುಖಕ್ಕೆ ಬಣ್ಣ ಬರೆದವನು. ಪ್ರತಿ ಶುಕ್ರವಾರ ಒಂದು ಮುಖದ ಕಥೆ ಹಾಕುತ್ತಿದ್ದ. ತೀರಿಹೋದ ಅವಳ ಅಪ್ಪನೂ ಆ ಮೇಳದಲ್ಲಿ ಹಾಡಿದವನೇ. ಅವನ ಮುಖದ ಸರದಿ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ‘ಸತ್ಯವಾದಿ’ ಎಂಬ ಹೆಸರಿಟ್ಟುಕೊಂಡ ಮಹಾನುಭಾವನೊಬ್ಬ ವಕ್ಕರಿಸಿದ. ಸ್ವತಃ ಒಂದು ಸಾಲು ಹಾಡಲು ಬಾರದವನು ಎಲ್ಲರ ಶ್ರುತಿ ತಿದ್ದತೊಡಗಿದ. ಊಬಾಲ್ದೊನ ಕಥೆಯ ಕೆಳಗೆ, “ಗೋಡೆಗೆ ಸುಣ್ಣ ಹೊಡಿಯೋನೂ ಕಲಾವಿದ ಆಗ್ಬಿಟ್ನಾ? ಸುಳ್ಳು ಬಿಡೋದು ನಿಲ್ಸೋ ಮುದುಕಾ” ಎಂದು ಬರೆದ.

ನೇಲಿದಾ ಮುದುಕನಿಗೆ ಫೋನ್ ಮಾಡಿದಳು. “ಅವನನ್ನ ಕಡೆಗಣಿಸಿಬಿಡಿ, ದೋನ್ ಊಬಾಲ್ದೊ. ಉತ್ತರ ಕೊಡ್ಲಿಲ್ಲ ಅಂದ್ರೆ ತಾನಾಗೇ ಸುಮ್ನಾಗ್ತಾನೆ.”

“ಆಯ್ತು ಕಣಮ್ಮಾ” ಎಂದ ಮುದುಕ.

ಸುಮ್ಮನಾಗುವ ಪ್ರಾಣಿಯೇ ಅದು? ಮರ್ಯಾದಸ್ಥರು ಒಬ್ಬೊಬ್ಬರಾಗಿ ಜಗಲಿ ಬಿಟ್ಟು ಎದ್ದರು. ಊಬಾಲ್ದೊನ ಶುಕ್ರವಾರವೂ ಖಾಲಿ ಹೋಯಿತು. ಸತ್ಯವಾದಿಯನ್ನು ತೆಗೆದುಹಾಕೋಣವೆಂದು ನೇಲಿದಾ ಕೇಳಿದಾಗ ಇನ್ನೊಬ್ಬ ಮೇಲ್ವಿಚಾರಕ ಮಿಲ್ಟನ್ ಮಾಟೆ ಸೊಪ್ಪಿನ ಕಷಾಯವನ್ನು ಸೋರೆಬುರುಡೆಯಿಂದ ನಿಧಾನಕ್ಕೆ ಹೀರಿದ. “ತೆಗೆದ್ರೆ ನಮಗೂ ಆ ಮಿಲಿಟರಿಯವ್ರಿಗೂ ಏನೇ ವ್ಯತ್ಯಾಸ? ಸಭೆ ಕರಿಯೋಣ. ಎಲ್ರೂ ಮಾತಾಡ್ಲಿ, ವೋಟ್ ಹಾಕ್ಲಿ.”

“ಬೈಸ್ಕೊಂಡೋರೆಲ್ಲ ಎದ್ದು ಹೋಗಿದಾರಲ್ಲೋ! ವೋಟ್ ಹಾಕೋರು ಯಾರು?”

“ಇರೋರು ಹಾಕ್ತಾರೆ.”

ಇದ್ದವರು ಹಾಕಿದರು. ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಸತ್ಯವಾದಿಯೇ. ತಮಾಷೆ ನೋಡಲು ಉಳಿದಿದ್ದವರು ಅವನು ಇರಲಿ ಎಂದು ಗೆಲ್ಲಿಸಿದರು. “ಪ್ರಜಾಪ್ರಭುತ್ವ ಗೆದ್ದಿತು” ಎಂದು ಮಿಲ್ಟನ್ ಬರೆದ, ನಾಚಿಕೆಯಿಲ್ಲದೆ.

ನೇಲಿದಾಳ ಮೈ ಉರಿದುಹೋಯಿತು. ಯಾರನ್ನೂ ಕೇಳದೆ ಗುಂಡಿ ಒತ್ತಿ ಸತ್ಯವಾದಿಯನ್ನು ಹೊರಹಾಕಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಮಿಲ್ಟನ್ ಒಂದಷ್ಟು ಕೂಗಾಡಿ ಮಾಟೆಯ ಬುರುಡೆಗೆ ಮತ್ತೆ ಬಿಸಿನೀರು ಹುಯ್ದುಕೊಂಡ. ಇಷ್ಟಕ್ಕೆ ಇಷ್ಟು ಕಾಲ ನಡುಗಿದ್ದರು!

ಅವಳು ಸಂಭ್ರಮದಿಂದ ಊಬಾಲ್ದೊಗೆ ಫೋನ್ ಮಾಡಿದಳು. “ಅವನನ್ನ ಓಡಿಸ್ದೆ! ಇನ್ನು ಬರೀರಿ. ನಮ್ಮಪ್ಪಂದೂ ಇದೆಯಲ್ಲ…”

“ನಿಮ್ಮಪ್ಪಂದು ಬರೆದಿಟ್ಟಿದ್ದೆ ಕಣಮ್ಮಾ. ಅಳಿಸಿಬಿಟ್ಟೆ.”

“ಅಯ್ಯೋ, ಯಾಕೆ?”

“ಅವನು ಸುಳ್ಳು ಅಂದ. ನೀವಿಷ್ಟು ಜನ ಇದ್ರಿ, ಒಬ್ರಾದ್ರೂ ಸುಳ್ಳಲ್ಲ ಅಂದ್ರಾ? ನೀನು ಕಡೆಗಣಿಸಿ ಅಂದೆ. ಕಡೆಗಣಿಸೋದು ಚೆನ್ನಾಗಿ ರೂಢಿ ಆಯ್ತು ನಂಗೆ. ಈಗ ನಿಮ್ಮನ್ನೂ.”

ಫೋನ್ ಇಟ್ಟ ಸದ್ದಾಯಿತು. ಜಗಲಿಯ ನೆತ್ತಿಯ ಮೇಲೆ ಆ ನಿಯಮ ಹಾಗೇ ಇತ್ತು. ಅದರ ಕೆಳಗೆ ಏನಾದರೂ ಬರೆಯಲು ಹೋದ ನೇಲಿದಾಗೆ ಒಂದಕ್ಷರವೂ ಹೊರಡಲಿಲ್ಲ.