ಕಟ್ಟಿದ ಗೋಡೆ ಕೆಡವಿದ ಹಣಮಂತಮ್ಮ

ವನದುರ್ಗದ ಕೋಟೆಯ ಕೆಳಗಿನ ಓಣಿಯಲ್ಲಿ ಹಣಮಂತಮ್ಮ ಮನೆ ಕಟ್ಟಿಸುತ್ತಿದ್ದಳು. ಇಪ್ಪತ್ತು ವರ್ಷ ಕುರಿಗಳ ಹಿಂದೆ ಅಡವಿ ತಿರುಗಿ, ಮಳೆ ಬಂದರೆ ಸೋರುವ ತಗಡಿನ ಕೆಳಗೆ ಮಲಗಿ ಬೇಸತ್ತ ಹೆಂಗಸು ಅವಳು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಸ್ಲ್ಯಾಬು, ಅದನ್ನು ಹತ್ತಲು ಹೊರಗಿನಿಂದ ಮೆಟ್ಟಿಲು. ಉಣ್ಣೆ ಒಣಹಾಕಲು ಮಾಳಿಗೆ ಬೇಕೇ ಬೇಕು ಎಂಬುದು ಅವಳ ಹಠ. ಗೋಡೆ ಕಟ್ಟುವ ಗೌಂಡಿ ಕೆಲಸ ಅವಳ ತಮ್ಮ ಬಸವಂತನದು. ಗೋಡೆಗಳು ಆಗಲೇ ಎದೆಮಟ್ಟಕ್ಕೆ ಬಂದಿದ್ದವು. ಪಡುವಣ ಬದಿಯಲ್ಲಿ ಮೆಟ್ಟಿಲಿನ ಗೋಡೆ ಆಳೆತ್ತರ ಎದ್ದಿತ್ತು.

ಸ್ಲ್ಯಾಬು ಹಾಕುವ ಮೊದಲೇ ವೈರಿಂಗ್ ಪೈಪು ಎಲ್ಲೆಲ್ಲಿ ಬರಬೇಕೆಂದು ನೋಡಲು ಶಹಾಪುರದಿಂದ ತೌಫೀಕ್ ಬಂದ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಅವನು ಗೋಡೆಗಿಂತ ಮೊದಲು ತಲೆ ಎತ್ತಿ ಆಕಾಶ ನೋಡಿದ.

"ಅಕ್ಕೋರೆ, ಪಂಚಾಯತಿ ಪರವಾನಗಿ ತಗೊಂಡೀರೇನ್ರಿ?"

"ನಮ್ಮ ಜಾಗ, ನಮ್ಮ ಕಲ್ಲು. ಯಾರ ಪರವಾನಗಿ ಬೇಕೋ ತಮ್ಮಾ? ನಮ್ಮಪ್ಪ ಮನಿ ಕಟ್ಟುವಾಗ ಯಾರನ್ನ ಕೇಳಿದ್ದ?"

"ನಿಮ್ಮಪ್ಪ ಕಟ್ಟುವಾಗ ಊರಾಗ ಕರೆಂಟ್ ಇದ್ದಿಲ್ರಿ. ಈಗ ಮ್ಯಾಲ ನೋಡ್ರಿ. ಮೆಟ್ಟಿಲು ಮುಗದ ಮ್ಯಾಲ ಕೈ ಎತ್ತಿದ್ರ ಲೈನು ಸಿಗ್ತದ."

ಹಣಮಂತಮ್ಮ ನೋಡಿದಳು. ತಂತಿ ಅವಳಿಗೆ ದೂರವೇ ಕಂಡಿತು. ಅಷ್ಟರಲ್ಲಿ ತೌಫೀಕ್ ನೆಲದ ಮೇಲಿನ ಇನ್ನೊಂದು ವೈರು ತೋರಿಸಿದ. ಗೋಡೆಗೆ ನೀರು ಹೊಡೆಯುವ ಮೋಟಾರಿಗಾಗಿ ಹಳೆಯ ತಗಡಿನ ಮನೆಯಿಂದ ಅಂಗಳದುದ್ದಕ್ಕೂ ಎಳೆದದ್ದು. ನಡುವೆ ಒಂದು ಕಡೆ ಜೋಡಿಸಿ ಪ್ಲಾಸ್ಟಿಕ್ ಚೀಲ ಸುತ್ತಿತ್ತು.

"ಇದು ಮೊದಲ ತೆಗೀರಿ. ಕಟ್ಟಡಕ್ಕಂತ ಬ್ಯಾರೆ ತಾತ್ಕಾಲಿಕ ಕನೆಕ್ಷನ್ ಕೊಡ್ತಾರ. ಕರೆಂಟ್ ಆಫೀಸಿನ್ಯಾಗ ಅರ್ಜಿ ಹಾಕ್ರಿ."

"ನಿನಗ ಕೆಲಸ ಹೆಚ್ಚು ಸಿಗಲಿ ಅಂತ ಇಷ್ಟೆಲ್ಲ ಹೇಳಾಕತ್ತೀ ಏನು?" ಎಂದು ಹಣಮಂತಮ್ಮ ನಕ್ಕಳು. ಅವನು ಆ ಚೀಲ ಸುತ್ತಿದ ವೈರಿನತ್ತ ಇನ್ನೊಮ್ಮೆ ಕೈ ತೋರಿಸಿದ. ತನ್ನ ನಂಬರು ಕೊಟ್ಟು ಹೋದ.

ಒಂದು ವಾರ ಕಳೆಯಿತು. ಬೆಳಗ್ಗೆ ಹತ್ತರ ಹೊತ್ತು. ಸೊಸೆ ಜ್ಯೋತಿ ಗೋಡೆಗೆ ನೀರು ಹೊಡೆಯುತ್ತಿದ್ದಳು. ಅಂಗಳದಲ್ಲಿ ನೀರು ನಿಂತು, ಚೀಲ ಸುತ್ತಿದ ಆ ವೈರಿನ ಜೋಡಣೆ ಅದರಲ್ಲಿ ಮುಳುಗಿತ್ತು. ಅದನ್ನು ಕುಡಿಯಲು ಬಾಯಿ ಹಾಕಿದ ಒಂದು ಕುರಿ ಕಾಲು ಸೆಟೆದು ಬಿತ್ತು. ಹಾವು ಕಚ್ಚಿತೇನೋ ಎಂದು ಜ್ಯೋತಿ ಓಡಿಹೋಗಿ ಅದನ್ನು ಹಿಡಿದಳು. ಹಿಡಿದವಳ ಕೈ ಬಿಡಲಿಲ್ಲ. ಬಾಯಿ ತೆರೆದರೂ ದನಿ ಹೊರಡಲಿಲ್ಲ.

"ಯವ್ವಾ ಜ್ಯೋತೀ!" ಎಂದು ಹಣಮಂತಮ್ಮ ಅವಳತ್ತ ಧಾವಿಸಿದಳು.

"ಮುಟ್ಟಬ್ಯಾಡ ಅಕ್ಕಾ! ಅಲ್ಲೇ ನಿಲ್ಲು!" ಬಸವಂತ ಕರಣಿ ಎಸೆದು ಹಳೆಯ ಮನೆಯೊಳಗೆ ಓಡಿದ. ಮೇನ್ ಸ್ವಿಚ್ ಕೆಳಗೆಳೆದ. ಜ್ಯೋತಿ ಒಂದು ಬದಿಗೆ ವಾಲಿ ಬಿದ್ದಳು.

ಕುರಿ ಸತ್ತಿತ್ತು. ಜ್ಯೋತಿ ಉಸಿರಾಡುತ್ತಿದ್ದಳು. ಜೀಪಿನಲ್ಲಿ ಶಹಾಪುರದ ಆಸ್ಪತ್ರೆಗೆ ಒಯ್ದರು. ಅಂಗೈ ಸುಟ್ಟಿದೆ, ಹೃದಯದ ಬಡಿತ ಸರಿ ಇದೆ, ಒಂದು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಹಣಮಂತಮ್ಮ ಸೊಸೆಯ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ವಾರ್ಡಿನ ಹೊರಗೆ ಕುಳಿತಳು. ವೈರಿಗೆ ಆ ಪ್ಲಾಸ್ಟಿಕ್ ಚೀಲ ಸುತ್ತಿದ್ದು ಬಸವಂತನಲ್ಲ, ಅವಳೇ. ಬಿಗಿಯಾಗಿರಲಿ ಎಂದು ಹಲ್ಲಿನಿಂದ ಗಂಟು ಎಳೆದಿದ್ದಳು. ಅದನ್ನು ಯಾರಿಗೆ ಹೇಳುವುದು? ಕೊನೆಗೆ ಫೋನು ತೆಗೆದು ತೌಫೀಕನಿಗೆ ಹಚ್ಚಿದಳು.

"ತಮ್ಮಾ, ಪರವಾನಗಿಗಿ ಏನೇನು ಕಾಗದ ಬೇಕು, ಹೇಳಪ್ಪಾ."

ಜಾಗ ಯಾರದೆಂದು ಪಂಚಾಯತಿ ಕೊಡುವ ಇ-ಸ್ವತ್ತು ನಕಲು, ಮನೆಯ ನಕ್ಷೆ, ತೆರಿಗೆ ಕಟ್ಟಿದ ರಸೀದಿ, ಆಧಾರ್. ಇನ್ನೇನಾದರೂ ಬೇಕಾದರೆ ಅಲ್ಲೇ ಹೇಳುತ್ತಾರೆ ಎಂದ. ಜ್ಯೋತಿ ಮನೆಗೆ ಬಂದ ಮಾರನೇ ದಿನ ಹಣಮಂತಮ್ಮ ಪಂಚಾಯತಿಗೆ ಹೋದಳು. ಅಲ್ಲಿನ ಅಭಿವೃದ್ಧಿ ಅಧಿಕಾರಿ ಭಾರತಿ ಅವಳನ್ನು ಕೂರಿಸಿ ಕಾಗದ ನೋಡಿದರು.

"ಕಟ್ಟೂಕಿಂತ ಮೊದಲ ಬರಬೇಕಿತ್ತವ್ವಾ. ಇರಲಿ, ಈಗರ ಬಂದೀರಲ್ಲ. ಪರವಾನಗಿ ಕೈಗೆ ಬರೂತನಕ ಕೆಲಸ ನಿಲ್ಲಸ್ರಿ."

ಎರಡು ದಿನದ ಮೇಲೆ ಭಾರತಿ, ವಿದ್ಯುತ್ ಕಚೇರಿಯ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಜಾಗಕ್ಕೆ ಬಂದರು. ಟೇಪು ಹಿಡಿದು ಅಳೆದರು. ಲೈನಿಗೂ ಮನೆಗೂ ನಡುವೆ ಇರಲೇಬೇಕಾದ ಅಂತರ ಮೆಟ್ಟಿಲಿನ ಕಡೆ ಇರಲಿಲ್ಲ. ಮನೆ ಇರಲಿ, ಮೆಟ್ಟಿಲು ಮೂಡಣ ಬದಿಗೆ ಹೋಗಬೇಕು ಎಂದರು.

ಅವರು ಹೋದ ಮೇಲೆ ಬಸವಂತ ಸಿಡುಕಿದ. "ನಾಕು ದಿನದ ದುಡಿಮಿ ಅಕ್ಕಾ! ಕಟ್ಟಿದ್ದನ್ನ ಕೆಡವೂದಂದ್ರ ಹೆಂಗ? ಆ ಲೈನು ಏನು ನಡಕೋತ ಮೆಟ್ಟಿಲಿಗಿ ಬರತದೇನು?"

"ಮಾಳಿಗಿ ಮ್ಯಾಲ ಹಸಿ ಉಣ್ಣಿ ಹೊತ್ಕೊಂಡು ಹೋಗೂದು ಯಾರು, ನೀನೇನು?" ಎಂದಳು ಹಣಮಂತಮ್ಮ. "ಜ್ಯೋತಿ ಹೋಗ್ತಾಳ."

ಹಾರೆ ತಂದು ಮೊದಲ ಕಲ್ಲನ್ನು ಅವಳೇ ಕಿತ್ತಳು. ಎರಡನೆಯದನ್ನೂ ಕಿತ್ತಳು. ಬಸವಂತ ಮುಂದೆ ಬಂದು, "ತಾ ಇಲ್ಲಿ, ಸೊಂಟ ಹಿಡಕೋತೀ" ಎಂದು ಹಾರೆ ಕಸಿದುಕೊಂಡ.

ಪರವಾನಗಿ ಬಂತು. ತಾತ್ಕಾಲಿಕ ಕನೆಕ್ಷನ್ ಬಂತು. ಕೆಲಸ ಮತ್ತೆ ಶುರುವಾಗಿ, ಮೆಟ್ಟಿಲು ಮೂಡಣ ಬದಿಗೆ ಎದ್ದಿತು. ಸ್ಲ್ಯಾಬು ಹಾಕಿದ್ದಾಗಿ, ಗೋಡೆಗೆ ಸಿಮೆಂಟಿನ ಗಿಲಾವು ಮುಗಿದು, ತೌಫೀಕ್ ವೈರು ಎಳೆಯುವಾಗ ಹಣಮಂತಮ್ಮ ಬಿಡದೆ ಪಕ್ಕದಲ್ಲಿ ನಿಂತಳು.

"ಈ ಹಸಿರು ವೈರ್ ಯಾತಕ್ಕ? ದೀಪ ಹತ್ತಾಕ ಎರಡ ಸಾಕಲ್ಲ?"

"ದೀಪ ಹತ್ತಾಕ ಎರಡು ಸಾಕ್ರಿ. ಇದು ಅರ್ಥಿಂಗ್, ಜೀವ ಉಳ್ಯಾಕ. ಮೋಟಾರಿನ ಮೈಗೆ ಕರೆಂಟ್ ಹರದ್ರ ಈ ವೈರು ಅದನ್ನ ಭೂಮಿಗಿ ಒಯ್ತದ. ಈ ಸಣ್ಣ ಡಬ್ಬಿ ನೋಡ್ರಿ, ಆರ್‌ಸಿಸಿಬಿ ಅಂತಾರ. ಕರೆಂಟ್ ದಾರಿ ತಪ್ಪಿ ಹರಿಯಾಕತ್ತಿದ್ರ ತಾನೇ ಪಟ್ಟನ ಬಂದ್ ಮಾಡ್ತದ."

ಕೆಲಸ ಮುಗಿಸಿ, ಪರೀಕ್ಷೆ ಮಾಡಿ, ವೈರಿಂಗ್ ಸರಿ ಇದೆ ಎಂಬ ವರದಿಗೆ ಸಹಿ ಹಾಕಿ ಕೊಟ್ಟ. ಅದರ ಮೇಲೆ ಮೀಟರು ಬಂತು. ಆ ದಿನ ಹಣಮಂತಮ್ಮನ ಕೈಯಿಂದಲೇ ಡಬ್ಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿಸಿದ. ಟಪ್ ಎಂದಿತು. ಮನೆಯ ದೀಪವೆಲ್ಲ ಆರಿತು.

"ಅಯ್ಯ! ಕೆಟ್ಟು ಹೋತೇನೋ?"

"ಇಲ್ರಿ, ಡಬ್ಬಿ ಎಚ್ಚರ ಅದ. ತಿಂಗಳಿಗೊಮ್ಮಿ ಹಿಂಗ ಒತ್ತಿ ನೋಡ್ರಿ. ಬಂದ್ ಆಗ್ಲಿಲ್ಲ ಅಂದ್ರ ನನಗ ಫೋನ್ ಹಚ್ರಿ" ಎನ್ನುತ್ತ ಡಬ್ಬಿಯ ಹಿಡಿ ಮೇಲೆತ್ತಿ ದೀಪ ಮತ್ತೆ ಹತ್ತಿಸಿದ.

ಸಂಜೆ ತೊಟ್ಟಿಗೆ ನೀರು ಬೇಕಾಯಿತು. ಜ್ಯೋತಿ ಮೋಟಾರಿನ ಸ್ವಿಚ್ ಹತ್ತಿರ ಹೋಗಿ ನಿಂತಳು. ಸುಟ್ಟ ಗಾಯ ಮಾಯ್ದಿತ್ತು, ಆದರೆ ಕೈ ಮುಂದೆ ಹೋಗಲಿಲ್ಲ.

"ನಾ ಹಾಕ್ಲೇನು?" ಎಂದಳು ಹಣಮಂತಮ್ಮ.

"ಬ್ಯಾಡ ಅತ್ತಿ. ಮನಿ ನನ್ನದೂ ಅದ." ಜ್ಯೋತಿ ಕೈ ಒರೆಸಿ ಒಣಗಿಸಿಕೊಂಡು, ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡಿಕೊಂಡು, ಸ್ವಿಚ್ ಒತ್ತಿದಳು. ನೀರು ತೊಟ್ಟಿಗೆ ಬಿತ್ತು. ಅತ್ತೆ ಸೊಸೆ ಇಬ್ಬರೂ ತೊಟ್ಟಿ ತುಂಬುವವರೆಗೆ ಅಲ್ಲೇ ನಿಂತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಹಣಮಂತಮ್ಮನಿಗೆ ಬುದ್ಧಿ ಬಂದದ್ದು ಸೊಸೆ ಆಸ್ಪತ್ರೆ ಸೇರಿದ ಮೇಲೆ. ನಿಮಗೆ ಅಷ್ಟು ಕಾಯುವ ಕಾರಣವಿಲ್ಲ. ಪಾಯ ತೋಡುವ ಮೊದಲು ಹಳ್ಳಿಯಲ್ಲಿದ್ದರೆ ಪಂಚಾಯತಿಗೆ, ಯಾದಗಿರಿ, ಶಹಾಪುರ, ಸುರಪುರದಲ್ಲಿದ್ದರೆ ನಗರಸಭೆಗೆ ಹೋಗಿ ಪರವಾನಗಿ ಕೇಳಿ. ಮನೆಯ ಮೇಲೆ, ಪಕ್ಕದಲ್ಲಿ ಲೈನು ಹಾಯ್ದಿದ್ದರೆ ವಿದ್ಯುತ್ ಕಚೇರಿಯವರನ್ನು ಕರೆದು ತೋರಿಸಿ. ವೈರಿಂಗನ್ನು ಲೈಸೆನ್ಸ್ ಇದ್ದವರ ಕೈಯಲ್ಲೇ ಮಾಡಿಸಿ, ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಯಾರಿಗಾದರೂ ಕರೆಂಟ್ ಹಿಡಿದರೆ ಬರಿಗೈಲಿ ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ಬಂದ್ ಮಾಡಿ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಮಂದಿಗೆಲ್ಲ ಒಮ್ಮೆ ತೋರಿಸಿ. ಉಳಿದದ್ದನ್ನು ನಾಳೆ ಪಂಚಾಯತಿ ಬಾಗಿಲು ತೆರೆದಾಗ ಶುರು ಮಾಡಿ.