ಉಳಿದುಹೋದ ಹಳದಿ

ಅರ್ಧ ಕಟ್ಟಿದ ಬಿಳಿ ಗುಲಾಬಿ ಹಾರವನ್ನು ಹೂವಿನಂಗಡಿಯವಳು ಮತ್ತೆ ಬಿಚ್ಚಿದಳು. ಬೆಳಗಿನಿಂದ ಇದೇ ಆಗಿತ್ತು. ಕಟ್ಟುವುದು, ಸರಿಯಿಲ್ಲವೆಂದು ಬಿಚ್ಚುವುದು.

“ಹೊತ್ತಾಯ್ತು ಕಣೇ. ಗಾಡಿ ಇನ್ನೇನು ಬಂದ್ಬಿಡುತ್ತೆ,” ಎಂದ ಗಂಡ, ಬಕೆಟ್ಟಿಗೆ ನೀರು ಸುರಿಯುತ್ತ.

“ಕೈಯೇ ಓಡ್ತಿಲ್ಲ ರೀ.”

“ಪೈಂಟರ್ ಹೋದ ಅಂತ ಇಡೀ ಬೀದಿನೇ ಅಳ್ತಿದೆ. ನೀನೊಬ್ಳೇನಾ?”

ಬೀದಿಯ ಅಳು ಬೇರೆ, ಅವಳ ಸಂಕಟ ಬೇರೆ. ಬೀದಿಯ ಬೋರ್ಡುಗಳನ್ನೆಲ್ಲ ಬರೆದವನು ಪೈಂಟರೇ. ಒಮ್ಮೆ ಕ್ಷೌರಿಕನ ಬೋರ್ಡಿನಲ್ಲಿ ಒಂದು ಒತ್ತಕ್ಷರ ನುಂಗಿಹಾಕಿ, “ಕೂದಲಿನ ಜೊತೆ ಅದನ್ನೂ ಕತ್ತರಿಸಿದ್ದಾನೆ ಅಂದ್ಕೊಳ್ತಾರೆ ಬಿಡು” ಎಂದು ನಗಿಸಿ, ಮರುದಿನ ತಾನಾಗಿಯೇ ಏಣಿ ಹತ್ತಿ ತಿದ್ದಿ ಹೋಗಿದ್ದ. ನಿನ್ನೆ ಊಟ ಮಾಡಿ ಕುರ್ಚಿಯಲ್ಲಿ ಒರಗಿದವನು ಏಳಲಿಲ್ಲ. ಬದುಕಿನಷ್ಟೇ ಸದ್ದಿಲ್ಲದ ಸಾವು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಯಾಕಿಲ್ಲ ಎಂಬುದು ಹೂವಿನಂಗಡಿಯವಳಿಗೆ ಗೊತ್ತಿತ್ತು.

*

ಆಗ ಅವಳಿಗೂ ಪೈಂಟರನಿಗೂ ಹರೆಯ. ಒಂದು ಸಂಜೆ ಅವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅಂಗಡಿಗೆ ಬಂದಿದ್ದ. ಎಷ್ಟು ತಿಕ್ಕಿ ತೊಳೆದಿದ್ದರೂ ಮೈಯಿಂದ ಟರ್ಪೆಂಟೈನ್ ವಾಸನೆ ಹೋಗಿರಲಿಲ್ಲ.

“ಅಕ್ಕಾ, ಬಣ್ಣ ಕಲಸೋದು ನಂಗೊತ್ತು. ಯಾವ ಬಣ್ಣಕ್ಕೆ ಏನರ್ಥ ಅನ್ನೋದು ನಿಂಗೊತ್ತು. ಒಬ್ರಿಗೆ ಮನಸಲ್ಲಿರೋದನ್ನ ಹೇಳ್ಬೇಕು. ಬಾಯಿ ಬರ್ತಿಲ್ಲ. ಯಾವ ಗುಲಾಬಿ ಕೊಡ್ಲಿ?”

ಆ ಒಬ್ಬರು ಯಾರೆಂದು ಕೇಳಬೇಕಾಗಿರಲಿಲ್ಲ. ಎದುರು ಸಾಲಿನ ಟೈಲರಮ್ಮನ ಕಡೆ ಅವನ ಕಣ್ಣು ಹೋಗಿ ಹೋಗಿ ಬರುತ್ತಿತ್ತು.

ಕೆಂಪೆಂದರೆ ಪ್ರೀತಿ, ಬಿಳಿಯೆಂದರೆ ಗೌರವ, ನಸುಗೆಂಪೆಂದರೆ ಕೃತಜ್ಞತೆ, ಹಳದಿಯೆಂದರೆ ಸ್ನೇಹ. ಗಿರಾಕಿಗಳಿಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಆ ದಿನದ ಕೆಂಪೆಲ್ಲ ಯಾರದೋ ಮದುವೆ ಮಂಟಪಕ್ಕೆ ಹೋಗಿತ್ತು. ಹಳದಿ ಮಾತ್ರ ಬಕೆಟ್ ತುಂಬ ಉಳಿದು, ಬೆಳಗಾದರೆ ದಳ ಉದುರಿಸುವಂತಿತ್ತು.

“ಹಳದಿ ತಗೋ,” ಎಂದಳು. “ಕೆಂಪು ಯಾರು ಬೇಕಾದ್ರೂ ಕೊಡ್ತಾರೆ. ನಿಜವಾದ ಪ್ರೀತಿ ಅಂದ್ರೆ ಹಳದೀನೇ.”

ಯೋಚಿಸುವ ಮೊದಲೇ ನಾಲಿಗೆ ಹೊರಳಿತ್ತು. “ನಿನ್ನ ಬಾಯಿಗೆ ಸಕ್ಕರೆ ಹಾಕ!” ಎಂದು ಅವನು ಇದ್ದದ್ದನ್ನೆಲ್ಲ ತಬ್ಬಿಕೊಂಡು ಹೋದ.

ಮರುದಿನ ಮುಖ ಸಣ್ಣ ಮಾಡಿಕೊಂಡು ಬಂದ. “ತಗೊಂಡ್ರು ಅಕ್ಕಾ. ನಕ್ರು. ‘ಸಂತೋಷ, ಸ್ನೇಹಿತರಾಗಿರೋಣ’ ಅಂದ್ರು.”

ಆಗಲೇ ಹೇಳಿಬಿಡಬಹುದಿತ್ತು. ಅಂದು ಕೆಂಪು ಗುಲಾಬಿ ಬೇಕಾದಷ್ಟಿತ್ತು. ಆದರೆ ಗಿರಾಕಿಗಳು ನಿಂತಿದ್ದರು, ಅವರೆದುರು ಸುಳ್ಳಿಯಾಗಲು ಮನಸ್ಸಾಗಲಿಲ್ಲ. “ಹೋಗ್ಲಿ ಬಿಡಪ್ಪ,” ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಅವನು ಪ್ರತಿ ಸಂಜೆ ಟೈಲರಮ್ಮನ ಅಂಗಡಿ ಮೆಟ್ಟಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವಳು ಮೆಷಿನ್ ತುಳಿಯುತ್ತಲೇ ಮಾತಾಡುತ್ತಿದ್ದಳು. ಅವಳೂ ಮದುವೆಯಾಗಲಿಲ್ಲ. ಇಬ್ಬರ ತಲೆಯೂ ನರೆಯಿತು. ಅದನ್ನು ನೋಡಲಾರದೆ ಹೂವಿನಂಗಡಿಯವಳು ಆ ಹೊತ್ತಿಗೆ ಸರಿಯಾಗಿ ಬಕೆಟ್ ತೊಳೆಯಲು ಕೂರುತ್ತಿದ್ದಳು.

*

ಹಾರ ಮುಗಿದು, ಗಂಡ ಅದನ್ನು ಹಿಡಿದು ಮುಂದೆ ಹೋದ. ಅವಳು ಬಾಗಿಲು ಹಾಕುವಷ್ಟರಲ್ಲಿ ಟೈಲರಮ್ಮ ಬಂದಳು. ಅತ್ತು ಕಣ್ಣು ಊದಿತ್ತು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

“ನಾಲ್ಕು ಹಳದಿ ಗುಲಾಬಿ ಕೊಡೇ. ಅವ್ರು ನಂಗೆ ಕೊಟ್ಟಿದ್ದೂ ಅದೇ. ಸ್ನೇಹ ಅಂತ ಅಲ್ವಾ ಅರ್ಥ? ನೀನೇ ಹೇಳಿದ್ದೆ ಯಾವಾಗ್ಲೋ.”

ಹೂವಿನಂಗಡಿಯವಳು ಆರಿಸಿ ಕೊಟ್ಟಳು.

“ಈಗ ಹೇಳೋಕೇನಂತೆ,” ಟೈಲರಮ್ಮ ಹೂವನ್ನೇ ನೋಡುತ್ತ ಅಂದಳು. “ಯಾವತ್ತಾದ್ರೂ ಒಂದಿನ ಕೆಂಪು ತರ್ತಾರೇನೋ ಅಂತ ಕಾದೆ. ಬಾಯಿಬಿಟ್ಟು ಕೇಳೋಕೆ ಧೈರ್ಯ ಬರ್ಲಿಲ್ಲ. ಇದ್ದ ಸ್ನೇಹಾನೂ ಹೋದ್ರೆ?”

ಇಷ್ಟು ವರ್ಷ ಹೂವಿನಂಗಡಿಯವಳು ಬಚ್ಚಿಟ್ಟದ್ದು ತಾನಾಗಿ ಹೊರಬಂತು.

“ಅವ್ನು ಸ್ನೇಹ ಅಂತ ಕೊಡ್ಲಿಲ್ಲಮ್ಮ. ಪ್ರೀತಿಗೆ ಯಾವ್ದು ಅಂತ ಕೇಳ್ದ. ನಾನೇ ಹಳದಿ ಅಂದೆ. ಕೆಂಪು ಖಾಲಿಯಾಗಿತ್ತು.”

ಟೈಲರಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ಹೂ ಬಾಡ್ತಿತ್ತು ಅಂತಾನಾ?”

“ಹೂಂ.”

“ಅಷ್ಟಕ್ಕೇನಾ?”

ಹೂವಿನಂಗಡಿಯವಳು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು.

“ಆಮೇಲಾದ್ರೂ ಹೇಳ್ಬಾರ್ದಿತ್ತೇನೇ?”

“ಮೊದ್ಲು ನಾಚಿಕೆ ಆಯ್ತು. ಆಮೇಲೆ ಭಯ.”

ಬೈದಿದ್ದರೆ, ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಟೈಲರಮ್ಮ ಹೂಗಳನ್ನು ಒಂದೊಂದಾಗಿ ಬಕೆಟ್ಟಿಗೆ ಇಳಿಬಿಟ್ಟು, ಬರಿಗೈಯಲ್ಲಿ ಹೊರಟಳು. ಹೂವಿನಂಗಡಿಯವಳು ನಾಲ್ಕು ಹೆಜ್ಜೆ ಹಿಂದೆ, ಅವಳ ನೆರಳನ್ನೂ ತುಳಿಯದಂತೆ ನಡೆದಳು.

ಪೈಂಟರನ ಕೋಣೆಯ ಬಾಗಿಲಲ್ಲಿ ಅವನ ಸ್ವಂತ ಅಕ್ಕ ಟೈಲರಮ್ಮನನ್ನು ತಡೆದಳು. ಪರವೂರಿನಿಂದ ಬಂದವಳಿಗೆ ಈ ಬೀದಿಯವರ ಗುರುತಿರಲಿಲ್ಲ.

“ಗಾಡಿ ಬಂದಾಯ್ತು. ಈಗ ಒಳಗೆ ಮನೆಯವ್ರು ಮಾತ್ರ. ನೀವೇನಾಗ್ಬೇಕು?”

“ನಾನು... ಸ್ನೇಹ...” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ಬಿಡಿ ಅಮ್ಮ ಅವ್ರನ್ನ,” ಹಿಂದಿನಿಂದ ಹೂವಿನಂಗಡಿಯವಳ ದನಿ ಒಡೆದು ಬಂತು. “ಅವ್ರೇ ಮನೆಯವ್ರು.”

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ಪಕ್ಕಕ್ಕೆ ಸರಿದಳು. ಟೈಲರಮ್ಮ ಹಿಂದಿರುಗಿ ನೋಡದೆ ಒಳಗೆ ಹೋದಳು. ಹೂವಿನಂಗಡಿಯವಳು ಹೊಸಿಲು ದಾಟಲಿಲ್ಲ.

ಅವನಿಗೆ ಯಾರದೋ ಗರಿಗರಿ ಅಂಗಿ ತೊಡಿಸಿ, ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿಬಿಟ್ಟಿದ್ದರು. ಟೈಲರಮ್ಮ ಪಕ್ಕದಲ್ಲಿ ಕೂತು ಗುಂಡಿ ಬಿಚ್ಚಿದಳು. ಏಣಿ ಹತ್ತುವಾಗ ಅವನು ಮಡಚಿಕೊಳ್ಳುತ್ತಿದ್ದ ಹಾಗೆಯೇ ತೋಳನ್ನು ಮೊಣಕೈವರೆಗೆ ಮಡಚತೊಡಗಿದಳು. ಹೊರಲು ಬಂದವರು ಗೋಡೆಗೆ ಸರಿದು ಕಾದರು. ಒಂದು ತೋಳು ಮುಗಿಯಿತು. ಅವಳು ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿ ನೇರಮಾಡಿ, ಎದ್ದು, ಇನ್ನೊಂದು ಕಡೆಗೆ ಹೋಗಿ ಕೂತಳು.